ನ್ಯೂಜೆರ್ಸಿಯ ಹದಿನಾಲ್ಕೂ ಒಬ್ಬರಿಗೇ ಏಕೆ?

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಮಾತು ಬಂದಾಗಲೆಲ್ಲ ಇಲ್ಲಿನ ನಮ್ಮ ಕನ್ನಡಿಗರ ಮನೆಗಳಲ್ಲಿ ಮೊದಲು ಬೈಸಿಕೊಳ್ಳುವ ರಾಜ್ಯ ವಯೋಮಿಂಗ್. ಸುಮಾರು 5.77 ಲಕ್ಷ ಜನರಿರುವ ಆ ರಾಜ್ಯಕ್ಕೆ 3 ಎಲೆಕ್ಟೋರಲ್ ಮತಗಳು, ಅಂದರೆ ಅಧ್ಯಕ್ಷರನ್ನು ಕೊನೆಗೆ ಆರಿಸುವ, ರಾಜ್ಯವಾರು ಹಂಚಿದ ಮತಗಳು; ನಾಲ್ಕು ಕೋಟಿಯ ಹತ್ತಿರವಿರುವ ಕ್ಯಾಲಿಫೋರ್ನಿಯಕ್ಕೆ 54. ವಯೋಮಿಂಗ್‌ನಲ್ಲಿ 1.92 ಲಕ್ಷ ಜನಕ್ಕೆ ಒಂದು ಮತ, ಕ್ಯಾಲಿಫೋರ್ನಿಯದಲ್ಲಿ 7.32 ಲಕ್ಷ ಜನಕ್ಕೆ ಒಂದು. ಈ ತಾರತಮ್ಯ ನಿಜವೇ. ಆದರೆ ಹದಿನಾಲ್ಕು ಎಲೆಕ್ಟೋರಲ್ ಮತಗಳಿರುವ ನ್ಯೂಜೆರ್ಸಿಯಲ್ಲಿ ಮತ ಹಾಕುವ ನನ್ನನ್ನು ಕಾಡುವುದು ಅದಲ್ಲ. ರಾಜ್ಯದ ಪಾಲಿಗೆ ಬಂದ ಮತಗಳಷ್ಟನ್ನೂ ಅಲ್ಲಿ ಮುಂದಿರುವ ಒಬ್ಬ ಅಭ್ಯರ್ಥಿಗೇ ಒಪ್ಪಿಸಿಬಿಡುವ ಪದ್ಧತಿ ಅದಕ್ಕಿಂತ ದೊಡ್ಡ ಅನ್ಯಾಯ.

ಹಂಚಿಕೆಯ ಲೆಕ್ಕ ಸರಳವಾಗಿದೆ. ಇಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ 435 ಸ್ಥಾನಗಳನ್ನು ಹತ್ತು ವರ್ಷಕ್ಕೊಮ್ಮೆ ಜನಗಣತಿಯ ಆಧಾರದ ಮೇಲೆ ರಾಜ್ಯಗಳಿಗೆ ಹಂಚುತ್ತಾರೆ. ಅದಕ್ಕೆ ಪ್ರತಿ ರಾಜ್ಯದ ಇಬ್ಬರು ಸೆನೆಟರುಗಳನ್ನು ಸೇರಿಸಿದರೆ ಆ ರಾಜ್ಯದ ಎಲೆಕ್ಟೋರಲ್ ಮತಗಳ ಸಂಖ್ಯೆ ಸಿಗುತ್ತದೆ. ರಾಜಧಾನಿ ವಾಷಿಂಗ್ಟನ್‌ಗೆ 1961ರ ತಿದ್ದುಪಡಿಯಿಂದ ಬಂದ ಮೂರೂ ಸೇರಿ ಒಟ್ಟು 538. ಗೆಲ್ಲಲು 270 ಬೇಕು. 2020ರ ಗಣತಿಯಲ್ಲಿ ನ್ಯೂಯಾರ್ಕ್ ಒಂದು ಸ್ಥಾನ ಕಳೆದುಕೊಂಡಿತು. ಇನ್ನು 89 ಜನ ಲೆಕ್ಕಕ್ಕೆ ಸಿಕ್ಕಿದ್ದರೆ ಅದು ಉಳಿಯುತ್ತಿತ್ತು! ಗಣತಿಯ ನಮೂನೆ ತುಂಬಲು ಉದಾಸೀನ ಮಾಡುವ ನಮ್ಮವರಿಗೆ ನಾನು ಈ ಸಂಖ್ಯೆಯನ್ನು ಹೇಳುತ್ತಲೇ ಇರುತ್ತೇನೆ.

ಭಾರತದ ರಾಷ್ಟ್ರಪತಿ ಚುನಾವಣೆಯಲ್ಲೂ ರಾಜ್ಯಗಳಿಗೆ ತೂಕವಿದೆ. ಆದರೆ ಅಲ್ಲಿನ ಲೆಕ್ಕ 1971ರ ಜನಗಣತಿಗೇ ನಿಂತಿದೆ. ಅಂದಿನ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕರ ಮತಮೌಲ್ಯ ಸಿಗುತ್ತದೆ. ಕರ್ನಾಟಕದಲ್ಲಿ ಅದು 131, ಉತ್ತರ ಪ್ರದೇಶದಲ್ಲಿ 208, ಸಿಕ್ಕಿಂನಲ್ಲಿ 7. ಜನಸಂಖ್ಯೆಯನ್ನು ಹತೋಟಿಗೆ ತಂದ ರಾಜ್ಯಗಳು ಅದೇ ಕಾರಣಕ್ಕೆ ದನಿ ಕಳೆದುಕೊಳ್ಳಬಾರದೆಂದು 1976ರಲ್ಲಿ ಸಂವಿಧಾನ ತಿದ್ದಿ ಈ ಲೆಕ್ಕವನ್ನು ಹಾಗೆಯೇ ನಿಲ್ಲಿಸಿದರು. ಅದು ನ್ಯಾಯವೆಂದೇ ನನ್ನ ಎಣಿಕೆ.

ಆದರೆ ನಾನು ಬೆರಳಿಟ್ಟು ತೋರಿಸಬೇಕೆಂದಿರುವುದು ಮುಂದಿನ ಹೆಜ್ಜೆಯನ್ನು. ಕರ್ನಾಟಕದ 224 ಶಾಸಕರ ಒಟ್ಟು 29,344 ಮತಮೌಲ್ಯ ಇಡಿಯಾಗಿ ಒಬ್ಬ ಅಭ್ಯರ್ಥಿಗೆ ಹೋಗುವುದಿಲ್ಲ. ಪ್ರತಿ ಶಾಸಕರೂ ಅಭ್ಯರ್ಥಿಗಳಿಗೆ ಪ್ರಾಶಸ್ತ್ಯದ ಕ್ರಮ ಕೊಟ್ಟು ಗುಪ್ತವಾಗಿ ಮತ ಹಾಕುತ್ತಾರೆ, ಪ್ರತಿ ಮತವೂ ದೆಹಲಿಯವರೆಗೆ ತಲುಪುತ್ತದೆ. 1969ರಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ನಾಯಕರು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿದರು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ನಿಜಲಿಂಗಪ್ಪ. ಆತ್ಮಸಾಕ್ಷಿಯಂತೆ ಮತ ನೀಡಿ ಎಂದು ಇಂದಿರಾ ಗಾಂಧಿ ಕರೆ ಕೊಟ್ಟರು. ಕಾಂಗ್ರೆಸ್ಸಿನವರ ಮತಗಳು ಎರಡೂ ಕಡೆ ಹಂಚಿಹೋದವು. ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಬಹುಮತ ಬಾರದೆ, ಎರಡನೆಯ ಪ್ರಾಶಸ್ತ್ಯದ ಮತಗಳ ಎಣಿಕೆಯಲ್ಲಿ ರೆಡ್ಡಿಯವರ ಎದುರು ಸ್ವತಂತ್ರರಾಗಿ ನಿಂತಿದ್ದ ವಿ.ವಿ. ಗಿರಿ ಗೆದ್ದರು. ರಾಜ್ಯಕ್ಕೆ ತೂಕ ಕೊಟ್ಟೂ ಅದರೊಳಗಿನ ಭಿನ್ನಮತವನ್ನು ಅಳಿಸದೆ ಇರಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಲ್ಲಿ ಏನಾಗುತ್ತದೆ ನೋಡಿ. 2020ರಲ್ಲಿ ಟ್ರಂಪ್ ಅವರಿಗೆ ಅತಿ ಹೆಚ್ಚು ಮತ ಹಾಕಿದ ರಾಜ್ಯ ಟೆಕ್ಸಸ್ ಅಲ್ಲ, ಕ್ಯಾಲಿಫೋರ್ನಿಯ: 60 ಲಕ್ಷ. ಅವರಿಗೆ ಅಲ್ಲಿ ಸಿಕ್ಕ ಎಲೆಕ್ಟೋರಲ್ ಮತ ಸೊನ್ನೆ. 2024ರಲ್ಲಿ ನಮ್ಮ ನ್ಯೂಜೆರ್ಸಿಯ 19 ಲಕ್ಷಕ್ಕೂ ಹೆಚ್ಚು ಜನ ಅವರಿಗೆ ಮತ ಹಾಕಿದರು. ಹದಿನಾಲ್ಕೂ ಕಮಲಾ ಹ್ಯಾರಿಸ್ ಅವರಿಗೆ ಹೋದವು. ನಾನು ಯಾರಿಗೆ ಮತ ಹಾಕಿದೆ ಎಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಟೆಕ್ಸಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷದವರ ಪಾಡೂ ಇದೇ. ಡೆಲವೇರ್ ನದಿ ದಾಟಿದರೆ ಪೆನ್ಸಿಲ್ವೇನಿಯ. ಅಲ್ಲಿ ಎರಡೂ ಪಕ್ಷಗಳು ಮನೆಮನೆಯ ಬಾಗಿಲು ತಟ್ಟುತ್ತವೆ, ಅಲ್ಲಿನವರ ಕಷ್ಟಸುಖ ಇಡೀ ದೇಶದ ಪ್ರಶ್ನೆಯಾಗುತ್ತದೆ. ಫಲಿತಾಂಶ ಮೊದಲೇ ಗೊತ್ತಿರುವ ನಮ್ಮ ದಡದಲ್ಲಿ ಕೇಳುವವರಿಲ್ಲ.

ಎಲ್ಲ ಮತವೂ ಒಬ್ಬರಿಗೇ ಎಂಬ ಈ ಪದ್ಧತಿ ಸಂವಿಧಾನದ ಕಟ್ಟಳೆಯೆಂದು ಬಹಳ ಜನ ನಂಬಿದ್ದಾರೆ. ಅಲ್ಲವೇ ಅಲ್ಲ. ಎಲೆಕ್ಟೋರಲ್ ಮತ ಹಾಕುವ ಎಲೆಕ್ಟರುಗಳನ್ನು ಹೇಗೆ ನೇಮಿಸಬೇಕೆಂಬುದನ್ನು ಸಂವಿಧಾನ ಆಯಾ ರಾಜ್ಯದ ಶಾಸನಸಭೆಗೇ ಬಿಟ್ಟಿದೆ. 1800ರ ಚುನಾವಣೆಯಲ್ಲಿ ತನ್ನ ನೆಲದವರೇ ಆದ ಜೆಫರ್ಸನ್‌ಗೆ ಒಂದು ಮತವೂ ತಪ್ಪಬಾರದೆಂದು ವರ್ಜೀನಿಯ ಜಿಲ್ಲಾವಾರು ಪದ್ಧತಿಯನ್ನು ಬಿಟ್ಟು ಇದಕ್ಕೆ ಬಂತು. ಉಳಿದ ರಾಜ್ಯಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ಪಕ್ಷದ ಲಾಭಕ್ಕಾಗಿ ಹಬ್ಬಿದ ರೂಢಿಗೆ ಪವಿತ್ರ ಪರಂಪರೆಯ ಗೌರವ ಕೊಡಲು ನಾನು ಸಿದ್ಧನಿಲ್ಲ.

ಮೇನ್ ಮತ್ತು ನೆಬ್ರಾಸ್ಕ ಮಾತ್ರ ಬೇರೆ ದಾರಿಯಲ್ಲಿವೆ. ಇಡೀ ರಾಜ್ಯದ ವಿಜೇತರಿಗೆ ಎರಡು ಮತ, ಉಳಿದವು ಪ್ರತಿನಿಧಿ ಸಭೆಯ ಕ್ಷೇತ್ರಗಳ ವಿಜೇತರಿಗೆ ಒಂದೊಂದು. ನೆಬ್ರಾಸ್ಕದ ಒಮಾಹಾ ನಗರದ ಕ್ಷೇತ್ರ ಹೀಗೆಯೇ 2008ರಲ್ಲಿ ಒಬಾಮಾಗೂ 2020ರಲ್ಲಿ ಬೈಡನ್‌ಗೂ ಒಂದು ಮತ ಕೊಟ್ಟಿತು. ಆದರೂ ಕ್ಷೇತ್ರದ ಗಡಿ ಗೆರೆಗಳನ್ನು ಪಕ್ಷಗಳು ತಮಗೆ ಬೇಕಾದಂತೆ ಎಳೆಯುವ ಈ ದೇಶದಲ್ಲಿ ನನಗೆ ಅದರ ಮೇಲೆ ಪೂರ್ತಿ ನಂಬಿಕೆಯಿಲ್ಲ. ರಾಜ್ಯದಲ್ಲಿ ಬಿದ್ದ ಮತಗಳ ಪ್ರಮಾಣಕ್ಕೆ ತಕ್ಕಂತೆ ಹಂಚಬೇಕು. ನ್ಯೂಜೆರ್ಸಿಯ ಹದಿನಾಲ್ಕರಲ್ಲಿ ಎಂಟು ಒಬ್ಬರಿಗಾದರೆ ಆರು ಇನ್ನೊಬ್ಬರಿಗೆ.

ಹಾಗಾದರೆ ಮೂರನೆಯ ಅಭ್ಯರ್ಥಿ ನಿಂತಾಗ ಯಾರೂ 270 ಮುಟ್ಟದೆ ಹೋಗಬಹುದು ಎಂಬ ಆಕ್ಷೇಪವಿದೆ. ಅದು ಗಟ್ಟಿಯಾದ ಆಕ್ಷೇಪ. ಆಗ ರಾಜ್ಯಕ್ಕೊಂದು ಮತದಂತೆ ಪ್ರತಿನಿಧಿ ಸಭೆ ಅಧ್ಯಕ್ಷರನ್ನು ಆರಿಸುತ್ತದೆ. 1824ರ ಚುನಾವಣೆಯಲ್ಲಿ ಮುಂದಿದ್ದ ಜಾಕ್ಸನ್ ಅವರನ್ನು ಬಿಟ್ಟು ಜಾನ್ ಕ್ವಿನ್ಸಿ ಆಡಮ್ಸ್ ಅಧ್ಯಕ್ಷರಾದದ್ದು ಹಾಗೆ. ಪ್ರಾಶಸ್ತ್ಯದ ಮತವಿದ್ದಿದ್ದರೆ ಆ ಸಂಕಟವೇ ಇರುತ್ತಿರಲಿಲ್ಲ, ಆದರೆ ಅದಕ್ಕೆ ಸಂವಿಧಾನವನ್ನೇ ತಿದ್ದಬೇಕು.

ನ್ಯೂಜೆರ್ಸಿ ಒಂದೇ ತನ್ನ ಮತಗಳನ್ನು ಹಂಚಿ, ಟೆಕ್ಸಸ್ ಹಂಚದೆ ಕುಳಿತರೆ ನಷ್ಟ ಒಂದೇ ಪಕ್ಷಕ್ಕೆ. ಹಾಗಾಗಿ ಯಾವ ರಾಜ್ಯವೂ ಮೊದಲು ಹೆಜ್ಜೆ ಇಡುವುದಿಲ್ಲ. ರಾಜ್ಯಗಳು ಒಟ್ಟಾಗಿ ಹೆಜ್ಜೆ ಇಡುವ ದಾರಿಯೊಂದಿದೆ: ದೇಶದಾದ್ಯಂತ ಹೆಚ್ಚು ಮತ ಪಡೆದವರಿಗೇ ನಮ್ಮ ಎಲೆಕ್ಟೋರಲ್ ಮತ ಎಂಬ ರಾಜ್ಯಗಳ ಒಪ್ಪಂದಕ್ಕೆ ನ್ಯೂಜೆರ್ಸಿ 2008ರಲ್ಲೇ ಸೇರಿದೆ. ಅದರಲ್ಲಿ ಹದಿನಾಲ್ಕೂ ಒಬ್ಬರಿಗೇ ಹೋದರೂ ಪ್ರತಿಯೊಬ್ಬರ ಮತವೂ ದೇಶದ ಲೆಕ್ಕಕ್ಕೆ ಸೇರುತ್ತದೆ. ಸೇರಿದ ರಾಜ್ಯಗಳ ಮತಗಳು 270 ಆಗುವ ತನಕ ಅದು ಜಾರಿಗೆ ಬರುವುದಿಲ್ಲ. ಇನ್ನೂ ಸೇರದ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ತಮ್ಮ ಶಾಸನಸಭೆಯ ಸದಸ್ಯರಿಗೆ ಪತ್ರ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ, ಪೆನ್ಸಿಲ್ವೇನಿಯದವರಂತೂ ತಪ್ಪದೆ.