ಸೂರ್ಯನ ಹೆಸರು ಪಟ್ಟಿಯಲ್ಲಿದೆಯೇ?

ಪುಕ್ಕಟೆ ಕರೆಂಟು ಕೊಡಲು ಎರಡು ಸರ್ಕಾರಗಳು ಜಿದ್ದಿಗೆ ಬಿದ್ದ ಭಾಗ್ಯ ಕಲಬುರಗಿಯದು. 2023ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ 200 ಯೂನಿಟ್‌ವರೆಗಿನ ಗೃಹಜ್ಯೋತಿಯನ್ನು ಇದೇ ಊರಲ್ಲಿ ಬೆಳಗಿಸಿತು. ಮರುವರ್ಷ ಕೇಂದ್ರ 300 ಯೂನಿಟ್‌ನ ಸೂರ್ಯಘರ್ ತಂದಿತು. ಮೊದಲನೆಯದರಲ್ಲಿ ಸುಮ್ಮನೆ ಕುಳಿತಿದ್ದರೂ ಬಿಲ್ಲು ಸೊನ್ನೆ. ಎರಡನೆಯದರಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಪಡೆದು, ಉಳಿದದ್ದಕ್ಕೆ ಸಾಲ ಮಾಡಿ, ಮಾಳಿಗೆಯ ಮೇಲೆ ಸೌರ ಫಲಕ ಹೊರಿಸಿದರೆ ಬಿಲ್ಲು ಸೊನ್ನೆ. ಏಜೆಂಟ್ ಹುಡುಗನೊಬ್ಬ ನಮ್ಮ ಓಣಿಯ ಕಾಕಾಗೆ ಇದನ್ನೆಲ್ಲ ಬೆವರು ಒರೆಸಿಕೊಳ್ಳುತ್ತ ವಿವರಿಸಿದ. ಕಾಕಾ ಜೇಬಿನಿಂದ ಈ ತಿಂಗಳ ಬಿಲ್ಲು ತೆಗೆದು, ಮಡಿಕೆ ಬಿಡಿಸಿ, ಅವನ ಕೈಗಿಟ್ಟರು.

“ತಮ್ಮಾ, ಇದಕ್ಕಿಂತ ಕಡಿಮೆ ಮಾಡಿಸಿಕೊಡುತ್ತೀಯೇನು?”

ಹುಡುಗ ಚಹಾ ಕುಡಿದು ಎದ್ದ.

ದಿಲ್ಲಿಯ ಯೋಜಕರ ಲೆಕ್ಕ ಇನ್ನೂ ಸೊಗಸು. 2030ಕ್ಕೆ ಪಳೆಯುಳಿಕೆ ಇಂಧನ ಸುಡದ 500 ಗಿಗಾವ್ಯಾಟ್ ವಿದ್ಯುತ್ ಸಾಮರ್ಥ್ಯ ಬೇಕು, ಅದೂ ಲಗುಬಗೆಯಿಂದ. ಹಾಗಾಗಿ 2022ರಲ್ಲಿ ಅಗ್ಗದ ವಿದೇಶಿ ಫಲಕಗಳ ಮೇಲೆ ಶೇ 40ರಷ್ಟು ಸುಂಕ ಹೇರಿದರು. ಜೊತೆಗೊಂದು ಅನುಮೋದಿತ ತಯಾರಕರ ಪಟ್ಟಿ. ಪಟ್ಟಿಯಲ್ಲಿದ್ದರೆ ಫಲಕ ಅಪ್ಪಟ ಸ್ವದೇಶಿ. ಒಳಗಿನ ಸಿಲಿಕಾನ್ ವೇಫರ್ ಎಂಬ ತೆಳು ಬಿಲ್ಲೆ ಮಾತ್ರ ಬಹುಪಾಲು ಚೀನಾದ್ದು. ನನ್ನ ಚಿಂತೆ ನಮ್ಮ ಸೂರ್ಯನದು. ದಿನವೂ ಪೂರ್ವದಿಂದಲೇ ಬರುತ್ತಾನೆ, ಅದೂ ಚೀನಾದಲ್ಲಿ ಮುಖ ತೋರಿಸಿದ ಮೇಲೆ. ಪಟ್ಟಿಯಲ್ಲಿ ಹೆಸರಿಲ್ಲ, ಸುಂಕ ಕಟ್ಟಿದ ರಸೀದಿಯೂ ಇಲ್ಲ.

2025ರ ಜೂನ್ ವೇಳೆಗೆ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಪಳೆಯುಳಿಕೆ ಇಂಧನದ ಹೊರಗಿನದಾಯಿತು, ಗಡುವಿಗಿಂತ ಐದು ವರ್ಷ ಮೊದಲೇ. ಅಭಿನಂದನೆಗಳು. ತಂತಿಯಲ್ಲಿ ಹರಿದ ಕರೆಂಟಿನಲ್ಲಿ ಮಾತ್ರ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನದೇ. ರಾಜಸ್ಥಾನದಲ್ಲಂತೂ ಸಾಗಿಸಲು ತಂತಿ ಸಾಲದೆ ಸೌರ ಘಟಕಗಳಿಗೇ ಉತ್ಪಾದನೆ ತಗ್ಗಿಸಿ ಎಂದು ಹೇಳಿಸಿಕೊಳ್ಳುವ ಗತಿ ಬಂದಿದೆ.

ಇನ್ನು ಕಾದ ಗೋಡೆಗಳು ಶಾಖ ಕಾರುವ ನಮ್ಮ ಮೇ ತಿಂಗಳ ಸಂಜೆ. ಕೂಲರ್ ಹಾಕುವ ಹೊತ್ತಿಗೆ ಸೂರ್ಯನ ಪಾಳಿ ಮುಗಿದಿರುತ್ತದೆ. ಹಗಲಿನದನ್ನು ಹಿಡಿದಿಡುವ ಬ್ಯಾಟರಿಗಳ ಕಾರ್ಖಾನೆಗಳಿಗೆಂದು 2021ರಲ್ಲೇ 18,100 ಕೋಟಿ ರೂಪಾಯಿ ಪ್ರೋತ್ಸಾಹಧನ ಘೋಷಣೆಯಾಯಿತು, 50 ಗಿಗಾವ್ಯಾಟ್ ಗಂಟೆಯ ಗುರಿಯೊಂದಿಗೆ. 2025ರ ಹೊತ್ತಿಗೂ ಎದ್ದು ನಿಂತದ್ದು ಅದರಲ್ಲಿ ಚೂರುಪಾರು. ಇದಕ್ಕಿಂತ ಸೂರ್ಯಾಸ್ತವನ್ನೇ ರಾತ್ರಿ ಹತ್ತಕ್ಕೆ ಮುಂದೂಡುವ ಕಡತ ಮಂಡಿಸುವುದು ಸುಲಭ: ಸಬ್ಸಿಡಿ ಬೇಡ, ಭೂಸ್ವಾಧೀನ ಬೇಡ. ಸಹಿ ಬೀಳುವುದು ತಡವಾದರೂ ಅವಸರವಿಲ್ಲ, ಶೂನ್ಯ ಇಂಗಾಲಕ್ಕೆ ನಾವು ಬರೆದುಕೊಟ್ಟಿರುವ ಗಡುವು 2070.