ದುರ್ಗದಬೈಲಿನ ಗದ್ದಲದಾಗ ಎಲ್ಲಾರಿಗೂ ಒಂದೇ ವೇಗ ಇರೂದಿಲ್ರೀ

‘ಜೀವಕೋಶದ ಇಕ್ಕಟ್ಟಿನಲ್ಲಿ ಎಲ್ಲ ಅಣುಗಳೂ ಒಂದೇ ಪ್ರಮಾಣದಲ್ಲಿ ನಿಧಾನವಾಗುತ್ತವೆ’ ಅಂತ ಬರದೀರಲ್ರೀ, ಅಲ್ಲೇ ಎಡವೀರಿ. ಸಂಜಿಮುಂದ ಹುಬ್ಬಳ್ಳಿ ದುರ್ಗದಬೈಲಿಗೆ ಬಂದು ನೋಡ್ರಿ. ಗಿರಮಿಟ್ ಪೊಟ್ಟಣ ಹಿಡಕೊಂಡ ಹುಡುಗ ಸಂದ್ಯಾಗ ನುಸುಳಿ ಹೋಗಿಬಿಡ್ತಾನ, ಬಾಳಿಹಣ್ಣಿನ ತಳ್ಳುಗಾಡಿ ನಿಂತಲ್ಲೇ ನಿಂತಿರತದ. ಗದ್ದಲ ಒಂದೇ, ತ್ರಾಸು ಬ್ಯಾರೆ ಬ್ಯಾರೆ.

ಇ. ಕೋಲಿ ಬ್ಯಾಕ್ಟೀರಿಯಾದೊಳಗ ಒಂದು ಮಿಲಿಲೀಟರಿಗೆ 300ರಿಂದ 400 ಮಿಲಿಗ್ರಾಂ ಪ್ರೋಟೀನು, ಆರ್‌ಎನ್‌ಎಯಂಥ ದೊಡ್ಡ ಅಣುಗಳೇ ತುಂಬಿರತಾವ. ಹಸಿರು ಹೊಳೆಯೋ ಜಿಎಫ್‌ಪಿ ಅನ್ನೋ ಪ್ರೋಟೀನು ಬರೇ ನೀರಿನಾಗ ಸೆಕೆಂಡಿಗೆ ಸುಮಾರು 87 ಚದರ ಮೈಕ್ರೋಮೀಟರ್ ದರದಲ್ಲಿ ಹರಡತದ. ಈ ಬ್ಯಾಕ್ಟೀರಿಯಾದೊಳಗ, 1999ರ ಅಳತಿ ಪ್ರಕಾರ, ಬರೇ 8ರ ಆಸುಪಾಸು. ಪ್ರೋಟೀನು ಕಟ್ಟೋ ದೊಡ್ಡ ಯಂತ್ರ ರೈಬೋಸೋಮಿಗೆ ಅದಕ್ಕಿಂತ ಭಾಳ ಬಿಗಿ, ಸಕ್ಕರಿಯಂಥ ಸಣ್ಣದಕ್ಕ ಅಷ್ಟಿಲ್ಲ.

ಇಕ್ಕಟ್ಟು ಅಂದ್ರ ಬರೇ ಅಡಚಣಿ ಅನ್ನೂದನ್ನೂ ನಾ ಒಪ್ಪಂಗಿಲ್ಲ. ಜಾಗಾ ಕಡಿಮಿ ಆದಷ್ಟು ಪ್ರೋಟೀನುಗಳು ಒಂದಕ್ಕೊಂದು ಕೂಡಿಕೊಳ್ಳೂದು ಎಷ್ಟೋ ಸಲ ಹೆಚ್ಚಾಗತದ. ನಡಿಗಿ ನಿಧಾನ, ಜೋಡಿ ಗಟ್ಟಿ!

ಧಾರವಾಡದಾಗ ಪಿಯು ಹುಡುಗರಿಗೆ ನಾನೂ ವರ್ಷಗಟ್ಟಲೆ ಬರೇ ನೀರಿನ ಗ್ಲಾಸಿಗೆ ಶಾಯಿ ಹನಿಸೇ ಡಿಫ್ಯೂಶನ್, ಅಂದ್ರ ಅಣುಗಳು ತಾವಾಗೇ ಹರಡೂದನ್ನ, ಕಲಿಸೀನಿ, ತಪ್ಪು ನಂದೂ ಅದ. ಈಗ ನೆನೆಸಿದ ಸಾಬುದಾಣಿ ಗ್ಲಾಸಿನ ತುಂಬ ಹಾಕಿ, ಮ್ಯಾಲೆ ಶಾಯಿ ಬಿಡ್ತೀನಿ. ಶಾಯಿ ಕಾಳಿನ ಸಂದಿ ಹುಡುಕ್ಕೋತ ಸುತ್ತುಹಾಕಿ ಇಳಿಯೂದನ್ನ ಹಿಂದಿನ ಬೆಂಚಿನವರೂ ಎದ್ದು ಬಂದು ನೋಡ್ತಾರ.