ಭಾವನ ಹಲ್ಲು, ಬೇಕಲದ ಬುರುಜು

ಒಂದಕ್ಕೊಂದು ಕಚ್ಚುವ ಲೆಗೊ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಕಾಸರಗೋಡಿನ ಬೇಕಲ ಕೋಟೆ ಕಟ್ಟಲು ಹೊರಟವರಿಗೆ ಶತ್ರು ಸಮುದ್ರದ ಕಡೆಯಿಂದ ಬರುವುದಿಲ್ಲ, ಚಹಾಕ್ಕೆಂದು ಬಂದ ಭಾವನ ರೂಪದಲ್ಲಿ ಬರುತ್ತದೆ. ಎರಡು ಪ್ಲೇಟು, ಅಂದರೆ ಲೆಗೊದ ತೆಳು ತುಂಡು, ಕಚ್ಚಿಕೊಂಡದ್ದು ಕಂಡರೆ ಸಾಕು, "ಇತ್ಲಾಗಿ ಕೊಡಿ ಮಾರಾಯ್ರೆ, ಇದೆಂಥ ದೊಡ್ಡ ಕೆಲಸ" ಎಂದು ನೇರ ಬಾಯಿಗಿಡುತ್ತಾರೆ. ಕಟಕ್! ಪ್ಲೇಟು ಬಿಡುವುದಿಲ್ಲ, ಹಲ್ಲಿನ ಅಚ್ಚು ಮಾತ್ರ ಬೀಳುತ್ತದೆ. ಮೇಲಿಂದ ಎಂಜಲು. ತಿರುಗಿಸಿ ದವಡೆಯ ಕಡೆಯಿಂದ ಇನ್ನೊಮ್ಮೆ. ಮನೆಯ ಹಿರಿಯ ಅಳಿಯ, ಬೇಡ ಎನ್ನುವ ಹಾಗೂ ಇಲ್ಲ.

ಪ್ಲೇಟಿನ ದಪ್ಪವೇ 3.2 ಮಿ.ಮೀ., ಉಗುರು ಹೋಗಲು ಎಡೆಯಿಲ್ಲ. ಉಪಾಯ ಇಷ್ಟೆ: ಅಂಟಿದ ಜೋಡಿಯ ಮೇಲೊಂದು, ಕೆಳಗೊಂದು 2×4 ಇಟ್ಟಿಗೆ (ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಗುಬ್ಬಿ, ಅಂದರೆ ಸ್ಟಡ್ಡು, ಇರುವುದು) ಒತ್ತಿ, ಅವನ್ನೇ ಹಿಡಿಯಾಗಿ ಹಿಡಿದು ಆಚೀಚೆ ಆಡಿಸಿ. ಚಾಕು ಬೇಡ, ಅದೂ ಅಂಚು ಕೆಡಿಸುತ್ತದೆ.

ನಿಜವಾದ ಪಂಚಾಯ್ತಿಕೆ ಉರುಟು ಬುರುಜಿನದ್ದು. ಕೆಳದಿಯ ಶಿವಪ್ಪ ನಾಯಕನಿಗೆ ಮುರಕಲ್ಲನ್ನು (ಕೆಂಪು ಜಂಬಿಟ್ಟಿಗೆ) ಬೇಕಾದ ಹಾಗೆ ಕೆತ್ತಿಸಬಹುದಿತ್ತು, ನಮ್ಮದು ಚೌಕ ಪ್ಲಾಸ್ಟಿಕ್. ಆದರೆ ಸ್ಟಡ್ಡಿನಿಂದ ಸ್ಟಡ್ಡಿಗೆ 8 ಮಿ.ಮೀ. ಇದ್ದರೂ 1×2 ಇಟ್ಟಿಗೆಯ ಉದ್ದ 16 ಅಲ್ಲ, 15.8. ಆ 0.2ರ ಸಡಿಲದಲ್ಲೇ ಬುರುಜು ಬಾಗಬೇಕು. ಒಂದರ ಸಂದು ಇನ್ನೊಂದರ ನಡುವಿಗೆ ಬರುವಂತೆ ಉದ್ದ ಗೋಡೆ ಎಬ್ಬಿಸಿ, ನಿಧಾನ ಬಗ್ಗಿಸಿ ತುದಿ ಕೂಡಿಸಿ. ಗೋಡೆಯ ಉದ್ದ ಸಾಲದಿದ್ದರೆ ಬಗ್ಗಿಸುವಾಗಲೇ ಸಿಡಿದು ಸೋಫಾದಡಿ ಸೇರುತ್ತದೆ. ಅಗ್ಗದ ನಕಲಿ ತುಂಡು ಬೆರೆಸಿದರಂತೂ ಹಿಡಿತವೇ ಇಲ್ಲ. ಕೋವಿ ಕಿಂಡಿಗೆ ಪ್ಲೇಟುಗಳನ್ನು ಒಂದರ ಮೇಲೊಂದು ಒತ್ತಿ ಮಗ್ಗುಲಾಗಿ ಮಲಗಿಸಿ: ಐದು ಪ್ಲೇಟಿನ ದಪ್ಪ ಸೇರಿದರೆ 16 ಮಿ.ಮೀ., ಸರಿಯಾಗಿ ಎರಡು ಸ್ಟಡ್ಡಿನಗಲ.

ಒಂದೇ ಬಣ್ಣದ ತುಂಡು ಬಳಸಿದರೆ ಮುರಕಲ್ಲು ಆಗದು. ಕಂದು, ಗಾಢ ಕೆಂಪು, ಗಾಢ ಕಿತ್ತಳೆ ಬೆರೆಸಿ, ನಡುನಡುವೆ ಒಂದೊಂದು ಕಪ್ಪು ಹಾಕಿ. ಕಂದಿನ ಹಳೆಯ ತುಂಡುಗಳು ಬೇಗ ಸೀಳುತ್ತವೆ, ಒತ್ತುವಾಗ ಜಾಗ್ರತೆ. ನೋಡಿ ಹೊಂದಿಸೋಣವೆಂದರೆ ಕಾಸರಗೋಡಿನ ಹೊಸ ಮನೆಗಳಲ್ಲಿ ಮುರಕಲ್ಲು ಎಲ್ಲಿ ಕಾಣುತ್ತದೆ? ಎಲ್ಲ ಸಿಮೆಂಟಿನ ಒಳಗೆ. ಮಳೆ ಬಿದ್ದಾಗ ಕಪ್ಪೇರುವ ಆ ಗೋಡೆ ನೋಡಲು ಈಗ ಹಳೆಯ ಕೊಟ್ಟಿಗೆಯನ್ನೇ ಹುಡುಕಬೇಕು.

"ಇಷ್ಟೆಲ್ಲ ಎಂತಕ್ಕೆ, ಅಂಟು ಹಾಕಿದ್ರೆ ಆಗದಾ?" ಎನ್ನುತ್ತಾರೆ ಭಾವ, ಮತ್ತೊಂದು ಪ್ಲೇಟು ಬಾಯಿಗಿಡುತ್ತ. ಬಾಯಿಗಿಟ್ಟುಕೊಳ್ಳಲಿ ಬಿಡಿ. ಹಲ್ಲಿನ ಅಚ್ಚು ಬಿದ್ದವನ್ನು ತೊಳೆದು ಕಡಲ ಬದಿಯ ಗೋಡೆಗೆ ಬಳಸಿ. ಉಪ್ಪುಗಾಳಿ ತಿಂದ ಕಲ್ಲಿನ ಹಾಗೇ ಕಾಣುತ್ತದೆ. ನೀರು 40 ಡಿಗ್ರಿ ದಾಟದಿರಲಿ. ಸೋಪು ಮಾತ್ರ ಧಾರಾಳ.